ನಡೆದು ಕೇಳಿದ ಕತೆ

ಪೂಜ್ಯ ನಿಜಗುಣಮ್ಮನವರು ಹೊನ್ನಾರೆ ಬೆಟ್ಟದ ಸೋಲಿಗರ ಪೋಡಿನಲ್ಲಿ ನೆಲೆಸಿದ್ದ ದಿನಗಳವು. ಮಠ, ಪೀಠ, ಪಾದಪೂಜೆ ಯಾವುದನ್ನೂ ಬಯಸದ ಆ ಮಹಾತಾಯಿಯವರಿಗೆ ಬಿದಿರ ತಟ್ಟಿಯ ಗುಡಿಸಲೇ ಆಶ್ರಮ. ಮುಂಜಾನೆ ಶಿವಪೂಜೆ ಮುಗಿಸಿ, ಕಾಡಂಚಿನ ಆ ಪುಟ್ಟ ಹಾಡಿಯ ಹೆಂಗಸರೊಡನೆ ಕುಳಿತು ರಾಗಿ ಬೀಸುತ್ತಿದ್ದರು.

ಒಂದು ದಿನ ಅದೇ ಪೋಡಿನ ಮಾದೇವಿ ಎಂಬ ತರುಣಿ ಅವರ ಬಳಿಗೆ ಬಂದಳು. ಆರನೆಯ ವಯಸ್ಸಿನಿಂದ ಪಟ್ಟಣದ ಹಾಸ್ಟೆಲಿನಲ್ಲಿದ್ದು ಬಿ.ಎ. ಮುಗಿಸಿದವಳು. ಕಾಡಿನ ಮೇಲೆ ಹಕ್ಕು ಕೋರಿ ಪೋಡಿನವರು ಹಾಕಿದ್ದ ಅರ್ಜಿ ತಿರಸ್ಕೃತವಾಗಿತ್ತು. ನಿಮ್ಮ ಹಿರಿಯರು ಅಲ್ಲಿ ಬಾಳಿದ್ದಕ್ಕೆ ಆಧಾರವೇನೆಂದು ಕಚೇರಿ ಕೇಳಿತ್ತು. ಮರುವಿಚಾರಣೆಗೆ ಉಳಿದಿದ್ದು ಒಂದು ತಿಂಗಳು.

“ಅವ್ವ, ನಿಮ್ಮ ಮಾತಂದ್ರೆ ಅಧಿಕಾರಿಗಳಿಗೂ ಗೌರವ. ನಾವು ಇಲ್ಲಿಯವರೇ ಅಂತ ಒಂದು ಕಾಗದ ಬರ್ಕೊಡಿ.”

“ನಾನು ಬಂದು ಹನ್ನೆರಡು ವರ್ಷ ಆಯ್ತು. ನನಗೇನು ಗೊತ್ತು ಮಗಳೆ? ನಿಮ್ಮ ಬೇದೇಗೌಡರನ್ನ ಕೇಳಿದೆಯಾ?”

ಬೇದೇಗೌಡರು ಪೋಡಿಗೇ ಹಿರಿಯರು.

“ತಾತ ಹೇಳೋದು ಹುಲಿ ಕರಡಿ ಕತೆ,” ಎಂದಳು ಮಾದೇವಿ. “ಕಚೇರಿಗೆ ಬೇಕಿರೋದು ಸಾಕ್ಷಿ.”

ಅಮ್ಮನವರು ಎದ್ದು ಅವಳನ್ನು ಕರೆದುಕೊಂಡು ಹಿರಿಯರ ಮನೆಯತ್ತ ನಡೆದರು. ಬೇದೇಗೌಡರು ಮನೆಯ ಮುಂದೆ ಬುಟ್ಟಿ ಹೆಣೆಯುತ್ತಿದ್ದರು. ದೂರದೂರದ ಭಕ್ತರು ಯಾರ ಪಾದಕ್ಕೆರಗಲು ಬರುತ್ತಿದ್ದರೋ ಆ ತಾಯಿಯವರು ವೃದ್ಧರೆದುರು ಬರಿನೆಲದಲ್ಲಿ ಕುಳಿತು ಕೈಮುಗಿದರು.

“ತಾತ, ಈ ಬೆಟ್ಟದ ಕತೆ ನನಗೆ ಬಾರದು. ಕಲಿಸಿಕೊಡ್ತೀರಾ?”

ಬೇದೇಗೌಡರು ಬುಟ್ಟಿಯನ್ನು ಪಕ್ಕಕ್ಕಿಟ್ಟರು. “ಇಪ್ಪತ್ತು ವರ್ಸದಿಂದ ಯಾರೂ ಕೇಳ್ನಿಲ್ಲ ತಾಯಿ. ಆದ್ರೆ ಇದು ಕೂತ್ಕಂಡು ಹೇಳೋ ಕತೆ ಅಲ್ಲ. ನಡೀತಾ ಹೇಳ್ಬೇಕು. ಆ ಜಾಗ ಕಂಡ್ರೇ ಬಾಯಿಗೆ ಬರೋದು.”

“ಹಾಗಾದರೆ ನಡೆಯೋಣ.”

ಅಮ್ಮನವರ ಮೊಣಕಾಲುಗಳು ಊದಿಕೊಂಡಿದ್ದವು. ಅವರೇ ಹೊರಟಾಗ ಹಿಂದುಳಿಯಲು ನಾಚಿ ಮಾದೇವಿ ನೋಟ್‌ಬುಕ್ ಹಿಡಿದು, ಮೂವರು ಗೆಳತಿಯರೊಂದಿಗೆ ಹಿಂಬಾಲಿಸಿದಳು. ಎರಡು ದಿನ ಅವಳು ಬರೆದದ್ದು ಅರ್ಧ ಪುಟ.

ಮೂರನೆಯ ದಿನ ಹಳ್ಳ ದಾಟಿ ಬೇದೇಗೌಡರು ನಿಂತರು. “ಇಲ್ಲಿ ಕೆಂಚಿ ಅನ್ನೋಳಿದ್ಳು. ಸಿಡುಬಿಗೆ ಹೆದರಿ ಪೋಡೇ ಓಡೋಯ್ತು. ಕಾಯಿಲೆ ಬಿದ್ದ ಐದು ಮಕ್ಕಳನ್ನ ಬಿಟ್ಟು ಇವಳು ಹೋಗ್ನಿಲ್ಲ. ಬಂಡೇಲೇ ರಾಗಿ ಕುಟ್ಟಿ ಅಂಬಲಿ ಕುಡಿಸಿ ಉಳಿಸ್ಕಂಡ್ಳು. ಬಾಗ್ಲಲ್ಲಿ ಹುಲಿ ಕುಂತು ಕಾಯ್ತಿತ್ತಂತೆ.”

“ಹುಲಿ ಕಾಯ್ತು ಅಂತ ಬರೆದ್ರೆ ನಗ್ತಾರೆ ತಾತ.”

ಆಗ ಅಮ್ಮನವರು ನುಡಿದರು: “ಹುಲಿ ಹಾಗಿರಲಿ ಮಗಳೆ. ಬಂಡೆ ಎಲ್ಲಿದೆ ಕೇಳು.”

ಬೇದೇಗೌಡರು ತೋರಿಸಿದ ಕಡೆ ಹುಡುಗಿಯರು ತರಗೆಲೆ ಸರಿಸಿದರು. ಬಂಡೆಯಲ್ಲಿ ಒನಕೆಯ ಏಟಿಗೆ ನುಣುಪಾದ ಆಳದ ಗುಳಿಯಿತ್ತು. ಪಕ್ಕದಲ್ಲಿ ಬೆಂಕಿಗೆ ಬಿರಿದ ಮೂರು ಒಲೆಗಲ್ಲುಗಳು, ಆಚೆಗೆ ಗುಡಿಸಲಿನ ಪಾಯದ ಕಲ್ಲುಸಾಲು.

“ಆ ಐದರಲ್ಲಿ ಕಿರಿಯವಳು ನಿಮ್ಮಪ್ಪನ ಮುತ್ತಜ್ಜಿ,” ಎಂದರು ಬೇದೇಗೌಡರು.

ಮಾದೇವಿ ಗುಳಿಯೊಳಗೆ ಅಂಗೈಯಿಟ್ಟು ಕುಳಿತಳು. ಕಣ್ಣೀರು ಇಳಿಯುತ್ತಲೇ ಇತ್ತು. ಆಮೇಲೆದ್ದು ಅಮ್ಮನವರ ಪಾದ ಮುಟ್ಟಲು ಬಾಗಿದಾಗ ಅವರು ಸರಿದು ನಿಂತು ಬೇದೇಗೌಡರ ಕಡೆಗೆ ಕೈ ತೋರಿದರು. ಅವಳು ವೃದ್ಧರಿಗೆ ನಮಸ್ಕರಿಸಿ ಹೇಳಿದಳು: “ಮೊದಲೆರಡು ದಿನದ್ದು ನಾನು ಕಿವಿಗೊಟ್ಟು ಕೇಳಲಿಲ್ಲ ತಾತ. ಮತ್ತೆ ಮೊದಲಿಂದ ನಡೆಯೋಣ.”

ಹದಿನೇಳು ದಿನ ನಡೆದರು. ಕಾಲು ಬಿರಿದರೂ ಯಾರೂ ನಿಲ್ಲಲಿಲ್ಲ. ನಲವತ್ತೊಂದು ಜಾಗಗಳು ಪುಸ್ತಕಕ್ಕೇರಿದವು. ವಿಚಾರಣೆಗೆ ಬಂದ ಅಧಿಕಾರಿಗಳನ್ನು ಮಾದೇವಿ ಒಂದೆಡೆ ಕೂರಲು ಬಿಡದೆ ಬೆಟ್ಟಕ್ಕೆ ಕರೆದೊಯ್ದಳು. ಬೇದೇಗೌಡರನ್ನು ಮುಂದಿಟ್ಟುಕೊಂಡು ಒಂದೊಂದೇ ಕಲ್ಲನ್ನು ತೋರಿಸಿದಳು. ಪೋಡಿಗೆ ಹಕ್ಕುಪತ್ರ ಬಂತು.

ಎರಡು ವರ್ಷಗಳ ನಂತರ ಬೇದೇಗೌಡರು ಶಿವಸಾಯುಜ್ಯ ಪಡೆದರು. ಬೆಟ್ಟದ ಕತೆ ಅವರೊಂದಿಗೇ ಹೋಯಿತೆಂದು ಮುದುಕಿಯರು ಅತ್ತರು. ತಿಥಿ ಕಳೆದ ಮರುದಿನವೇ ಮಾದೇವಿ, ರಜೆಗೆ ಬಂದ ಹಾಸ್ಟೆಲಿನ ಮಕ್ಕಳನ್ನೆಲ್ಲ ಕರೆದುಕೊಂಡು ಬೆಟ್ಟ ಹತ್ತಿದಳು. ಆ ಮಕ್ಕಳ ಸಾಲಿನ ಕೊನೆಯಲ್ಲಿ, ಕೋಲೂರಿಕೊಂಡು, ಅವಳು ಹೇಳುವುದನ್ನು ಕೇಳುತ್ತ ಪೂಜ್ಯ ನಿಜಗುಣಮ್ಮನವರೂ ನಡೆಯುತ್ತಿದ್ದರು.