ಹೊಳೆಯಲ್ಲಿ ಒಪ್ಪಿಸದ ಪದ

ಮಲಪ್ರಭೆಯ ದಂಡೆಯಲ್ಲೊಂದು ಮಠ. ಅಲ್ಲಿ ರಾಚಯ್ಯಜ್ಜ ಏಕತಾರಿ ಹಿಡಿದು ತತ್ವಪದ ಕಲಿಸುತ್ತಿದ್ದ. ಅವನ ಕಟ್ಟಳೆ ಒಂದೇ. ನಿನ್ನೆ ಕೊಟ್ಟ ಪದವನ್ನು ಶಿಷ್ಯ ಇವತ್ತು ಹೊಳೆಯಲ್ಲಿ ನಿಂತು ಹಾಡಿ ಒಪ್ಪಿಸಬೇಕು. ಒಪ್ಪಿಸದವನಿಗೆ ಹೊಸ ಪದವಿಲ್ಲ.

ಅಜ್ಜನಿಗೆ ಮರೆವು ಶುರುವಾಯಿತು. ಶಿಷ್ಯ ಫಕೀರೇಶ ಗಾಬರಿಬಿದ್ದು, ಭಕ್ತರೊಬ್ಬರು ಬಿಟ್ಟುಹೋಗಿದ್ದ ಹಳೆಯ ಲ್ಯಾಪ್‌ಟಾಪಿನಲ್ಲಿ ಪದಗಳನ್ನೆಲ್ಲ ರೆಕಾರ್ಡ್ ಮಾಡತೊಡಗಿದ. ಅಂದಿನಿಂದ ಅವನು ಹೊಳೆಗಿಳಿಯುವುದು ನಿಂತಿತು.

"ನಿನ್ನೀ ಪದ ಒಪ್ಪಸಲಿಲ್ಲಲ್ಲೋ," ಎಂದು ಅಜ್ಜ ಕೇಳಿದಾಗಲೆಲ್ಲ ಒಂದೇ ಉತ್ತರ.

"ಅದರಾಗ ಐತಿ ಅಜ್ಜಾ. ಮುಂದಿಂದು ಹೇಳ್ರಿ."

ಪಾಪ, ಅಜ್ಜ ಹೇಳುತ್ತಿದ್ದ. ಹೇಳಿದ್ದನ್ನು ಮರೆಯುತ್ತಿದ್ದ.

ಲ್ಯಾಪ್‌ಟಾಪಿಗೂ ವಯಸ್ಸಾಗಿತ್ತು. ಒಂದು ಪದ ಕೇಳಿಸಲು ಒದ್ದಾಡಿಬಿಡುತ್ತಿತ್ತು. ಹಳೆಯ ಆಪರೇಟಿಂಗ್ ಸಿಸ್ಟಮ್ ಇದ್ದ ಹಾಗೇ ಇರಲಿ, ಪಕ್ಕದಲ್ಲಿ ಹಗುರವಾದ ಇನ್ನೊಂದನ್ನು ಹಾಕೋಣ, ಆನ್ ಮಾಡುವಾಗ ಬೇಕಾದ್ದನ್ನು ಆರಿಸಿಕೊಂಡರಾಯಿತು ಎಂದುಕೊಂಡ ಫಕೀರೇಶ.

ಹೊಸದನ್ನು ತುಂಬಿಕೊಳ್ಳಲು ಪೆನ್‌ಡ್ರೈವ್ ಬೇಕಿತ್ತು. ಮಠದಲ್ಲಿ ಇದ್ದದ್ದು ಒಂದೇ, ಅದರಲ್ಲಿ ಪದಗಳ ಇನ್ನೊಂದು ಪ್ರತಿ ಇತ್ತು. ಲ್ಯಾಪ್‌ಟಾಪಿನಲ್ಲಿ ಹೇಗೂ ಇವೆಯಲ್ಲ ಎಂದು ಅದನ್ನು ಅಳಿಸಿದ.

ಹಳೆಯದರ ಪಕ್ಕದಲ್ಲಿ ಹಾಕಲೋ, ಡಿಸ್ಕ್ ಪೂರ್ತಿ ಅಳಿಸಿ ಹಾಕಲೋ ಎಂದು ಪರದೆ ಕೇಳಿತು. ನಮ್ಮ ಜಾಣನಿಗೆ ಓದುವ ತಾಳ್ಮೆ ಎಲ್ಲಿಂದ ಬರಬೇಕು? ಮೊದಲೇ ಗುರುತು ಬಿದ್ದಿದ್ದ ಎರಡನೆಯದಕ್ಕೇ ಹೂಂಗುಟ್ಟುತ್ತ ಒತ್ತಿಕೊಂಡು ಹೋದ.

ಹೊಸ ಸಿಸ್ಟಮ್ ಚಕಚಕನೆ ತೆರೆದುಕೊಂಡಿತು. ಒಳಗೆ ಒಂದು ಪದವೂ ಇರಲಿಲ್ಲ. ಪೇಟೆಯ ರಿಪೇರಿಯವನೂ ಹುಡುಕಿ ಹುಡುಕಿ ಕೈಚೆಲ್ಲಿದ.

ಫಕೀರೇಶ ಬಂದು ಅಜ್ಜನ ಕಾಲು ಹಿಡಿದ. "ಎಲ್ಲಾ ಅಳಸಿಬಿಟ್ಟೆ ಅಜ್ಜಾ. ಒಂದೂ ಉಳೀಲಿಲ್ಲ. ಮತ್ತೊಮ್ಮೆ ಹಾಡ್ರಿ."

ಅಜ್ಜ ಏಕತಾರಿ ಮೀಟಿ ಬಾಯಿ ತೆರೆದ. ಪದ ಬರಲಿಲ್ಲ. ಇನ್ನೊಮ್ಮೆ ಮೀಟಿದ, ಆಗಲೂ ಬರಲಿಲ್ಲ. ಅವನ ಕಣ್ಣಲ್ಲಿ ನೀರಾಡಿತು. ಅದನ್ನು ಕಂಡು ಫಕೀರೇಶನಿಗೆ ಸತ್ತರೆ ಸಾಕು ಅನ್ನಿಸಿತು.

ಅಜ್ಜ ಎದ್ದು ಅವನ ಕೈಹಿಡಿದು ಹೊಳೆಗೆ ಇಳಿಸಿದ.

"ಹಾಡು," ಎಂದ.

"ಹೊಳಿ ದಾಟಿಸಿದಾತ ದಂಡಿಮ್ಯಾಲಿಲ್ಲೋ..." ಎಂದು ಫಕೀರೇಶ ಎತ್ತಿಕೊಂಡ. ಅದು ಅಜ್ಜನೇ ಕಟ್ಟಿದ ಪದ. ಎರಡನೆಯ ಸಾಲು ಎಷ್ಟು ತಡಕಾಡಿದರೂ ಸಿಗಲಿಲ್ಲ. ಅಜ್ಜ ಅದನ್ನು ಹಾಡಿದ ದಿನ ಅವನು ರೆಕಾರ್ಡ್ ಆಗುತ್ತಿದೆಯೋ ಇಲ್ಲವೋ ಎಂದು ಪರದೆಯನ್ನೇ ನೋಡುತ್ತ ಕೂತಿದ್ದ. ಮೊದಲ ಸಾಲಿನ ಮುಂದಕ್ಕೆ ಪದವನ್ನು ಕೇಳಿರಲೇ ಇಲ್ಲ.

ಅಜ್ಜ ಪಕ್ಕದಲ್ಲೇ ನೀರಿನಲ್ಲಿ ನಿಂತು, ಕಿವಿಗೊಟ್ಟು ಬಹಳ ಹೊತ್ತು ಕಾದ.

"ಛಲೋ ಪದ ಐತಿ," ಎಂದ ಕೊನೆಗೆ. "ಮುಂದಿಂದು ನನಗೂ ಕಲಸ್ತೀಯೇನಪಾ?"