ತೂಕದ ಯಂತ್ರವೂ ಸೊಂಟದ ಉಡುದಾರವೂ

ಕುಸ್ತಿ ಬಿಟ್ಟ ಪೈಲ್ವಾನ ಮಾಯಣ್ಣನ ಹೊಟ್ಟೆಯ ನೆರಳಲ್ಲಿ ಒಂದು ಜೊತೆ ಎತ್ತು ಮಲಗಿ ಮೆಲುಕು ಹಾಕುತ್ತಿದ್ದವು. ಅವನ ಮನೆಯ ತೂಕದ ಯಂತ್ರಕ್ಕೆ ಒಂದೇ ಹೊಟ್ಟೆಕಿಚ್ಚು: ಧಣಿ ತನ್ನ ಮೇಲೆ ಅರೆಗಳಿಗೆ ನಿಂತು ಇಳಿದುಬಿಡುತ್ತಾನೆ, ಆ ಬಡಕಲು ಉಡುದಾರವನ್ನೋ ಸ್ನಾನಕ್ಕೂ ಬಿಚ್ಚುವುದಿಲ್ಲ.

"ಧಣಿ, ನಾನು ನಿಮ್ಮ ಸೊಂಟಕ್ಕೆ ಸಾಲುತ್ತಿಲ್ಲ. ಹೊಟ್ಟೆಯೊಳಗೆ ಕೊಬ್ಬು ಸೇರಿದೆ," ಎಂದಿತು ಉಡುದಾರ.

"ಸುಳ್ಳು ಬೊಗಳಬೇಡವೋ ನೂಲೆಳೆಯೇ!" ಎಂದು ಯಂತ್ರ ಉರಿದುಬಿತ್ತು. "ಧಣಿ, ಕುಸ್ತಿ ಆಡುವಾಗಿನ ತೂಕವೇ ಇವತ್ತಿಗೂ ಇದೆ. ಆ ದಾರವನ್ನು ಕತ್ತರಿಸಿ ಬಿಸಾಕಿ."

ಮಾಯಣ್ಣ ಕತ್ತರಿ ಎತ್ತಿದ. ಹೆಂಡತಿ ಪುಟ್ಟತಾಯಿ ಓಡಿಬಂದಳು. "ಅಯ್ಯೋ, ಉಡುದಾರ ಕತ್ತರಿಸೋದು ಹೆಣಕ್ಕೆ ಕಣ್ರೀ! ತೂಕ ಅಷ್ಟೇ ಇದ್ರೆ ಆ ತೋಳು ತೊಡೆ ಎಲ್ಲಿ ಹೋದ್ವು? ಕನ್ನಡಿ ನೋಡ್ಕೊಳ್ಳಿ!"

ನೋಡಿಕೊಂಡ. ತೋಳು ನುಗ್ಗೆಕಾಯಿ, ಹೊಟ್ಟೆ ಹಲಸಿನಹಣ್ಣು. ಕತ್ತರಿ ಕೆಳಗಿಟ್ಟು, ಮರುದಿನದಿಂದಲೇ ಸಾಮು ಮಾಡಲು ಗರಡಿಗೆ ನಡೆದ.

ತಿಂಗಳುಗಳು ಕಳೆದರೂ ತೂಕ ಅಷ್ಟೇ ಇತ್ತು. ಆದರೆ ತೋಳು ತೊಡೆ ತುಂಬಿ ಹೊಟ್ಟೆ ಇಳಿದಿತ್ತು; ಉಡುದಾರದೊಳಗೆ ಈಗ ಬೆರಳು ಸಲೀಸಾಗಿ ಹೋಯಿತು. "ನಿಜ ಹೇಳಿದವನು ನೀನೇ ಕಣೋ," ಎಂದು ಧಣಿ ಅದನ್ನು ಸವರಿದ.

ಮೂಲೆಯಲ್ಲಿ ಯಾರೂ ಹತ್ತದೆಯೇ ಯಂತ್ರದ ಮುಳ್ಳು ನಡುಗುತ್ತಿತ್ತು.