ಕುಪ್ಪಯ್ಯ ಜಪಾನಿನ ಕಾರು ತಂದದ್ದು

ಕಡಲ ಬದಿಯ ಒಂದೂರಲ್ಲಿ ರುಕ್ಮಾಯಿ ಅಂತ ಒಬ್ಬ ಹೆಂಗಸಿದ್ದಳು. ಅವಳಿಗೆ ಕುಪ್ಪಯ್ಯ ಅಂತ ಒಬ್ಬನೇ ಮಗ. ಒಳ್ಳೆಯವನು, ಹೇಳಿದ ಮಾತು ಮೀರದವನು. ತೊಂದರೆ ಇದ್ದದ್ದೇ ಅಲ್ಲಿ. "ಒಲೆ ಮೇಲೆ ಹಾಲಿದೆ, ನೋಡ್ತಾ ಇರು" ಅಂದರೆ ನೋಡುತ್ತಾ ಇರುವನು. ಹಾಲು ಉಕ್ಕುವುದನ್ನೂ ನೋಡುವನು, ಒಲೆ ಆರುವುದನ್ನೂ ನೋಡುವನು. "ನಿನ್ನನ್ನು ಕಟ್ಟಿಕೊಂಡು ಏನು ಮಾಡಲಿ ಮಗಾ" ಅಂತ ರುಕ್ಮಾಯಿ ಹಣೆ ಹಿಡಿದು ಕೂತರೆ, ಏನು ಮಾಡಬಹುದು ಅಂತ ಅವನೂ ಪಕ್ಕದಲ್ಲಿ ಕೂತು ಯೋಚಿಸುವನು.

ಒಂದು ಕೆಲಸ ಮಾತ್ರ ಅವನಿಗೆ ಚೆನ್ನಾಗಿ ಬರುತ್ತಿತ್ತು. ಕಾರು ಓಡಿಸುವುದು. ಬೋರ್ಡಿನಲ್ಲಿ ನಿಲ್ಲು ಅಂತಿದ್ದರೆ ನಿಲ್ಲುವನು, ನಿಧಾನ ಅಂತಿದ್ದರೆ ನಿಧಾನ. ಅಷ್ಟು ಒಳ್ಳೆಯ ಡ್ರೈವರ್ ಆ ಊರಲ್ಲೇ ಇರಲಿಲ್ಲ. ಆದರೆ ಓಡಿಸಲು ಮನೆಯಲ್ಲಿ ಕಾರಿರಲಿಲ್ಲ.

ರುಕ್ಮಾಯಿಗೆ ಮೊಣಕಾಲು ಮಡಚಲು ಬರುತ್ತಿರಲಿಲ್ಲ. ಬಸ್ಸಿನ ಮೆಟ್ಟಿಲು ಹತ್ತಲಾಗದು, ಆಟೋದೊಳಗೆ ಕಾಲು ತೂರಿಸಲಾಗದು. ಮೂರು ಹರದಾರಿ ಆಚೆ ಇದ್ದ ತಂಗಿ ಗುಲಾಬಿಯ ಮುಖ ನೋಡಿ ಮೂರು ವರ್ಷವಾಗಿತ್ತು. ಜಪಾನಿನ ಹಡಗುಕಟ್ಟೆಯಲ್ಲಿ ಕೆಲಸಕ್ಕಿದ್ದ ರುಕ್ಮಾಯಿಯ ತಮ್ಮ ಒಂದು ದಿನ ಫೋನು ಮಾಡಿದ. "ಅಕ್ಕಾ, ಇಲ್ಲೊಂದು ಹಳೇ ಕಾರಿದೆ. ಬಾಗಿಲು ತೆಗೆದರೆ ಸೀಟೇ ಹೊರಗೆ ತಿರುಗಿ ಕೆಳಗೆ ಇಳಿಯುತ್ತೆ. ನೀನು ಕೂತರೆ ಸಾಕು, ಅದೇ ಎತ್ತಿ ಒಳಗಿಟ್ಟುಕೊಳ್ಳುತ್ತೆ."

ಕುಪ್ಪಯ್ಯನ ಹೆಸರಲ್ಲೇ ಕಾರು ತಗೊಂಡರು. ಕಾರು ಹಡಗು ಹತ್ತಿ ದೊಡ್ಡ ಬಂದರಿಗೆ ಬಂತು. ಕುಪ್ಪಯ್ಯ ಅವಲಕ್ಕಿ ಗಂಟು ಕಟ್ಟಿಕೊಂಡು ಕಾರು ಬಿಡಿಸಿಕೊಳ್ಳಲು ಹೊರಟ.

ಅಲ್ಲಿ ಕಾಗದಪತ್ರ ನೋಡಿಕೊಳ್ಳುವ ಏಜೆಂಟ್ ಪಡಿಯಾರರು ಇದ್ದರು. ಒಂದು ಲಕೋಟೆ ಕೊಟ್ಟು, "ಅಸಲು ಕಾಗದ ಇದು. ಯಾರ ಕೈಗೂ ಕೊಡಬೇಡ" ಅಂದರು.

ಕುಪ್ಪಯ್ಯ ಸುಂಕದ ಕಚೇರಿಗೆ ಹೋದ. ಅಧಿಕಾರಿ ಕೈ ಚಾಚಿ, "ಕಾಗದ ಕೊಡಪ್ಪ" ಅಂದರು.

"ಕೊಡೋದಿಲ್ಲ ಸಾರ್."

"ಕೊಡದೆ ಕಾರು ಬಿಡೋದು ಹೇಗೆ?"

"ಅದು ನನಗೂ ಗೊತ್ತಿಲ್ಲ ಸಾರ್" ಅಂತ ಕುಪ್ಪಯ್ಯ ಲಕೋಟೆಯನ್ನು ಎದೆಗೆ ಒತ್ತಿಕೊಂಡು ಸಂಜೆವರೆಗೂ ಅಲ್ಲೇ ನಿಂತ. ಕಚೇರಿ ಮುಚ್ಚಿತು.

ಪಡಿಯಾರರು ತಲೆ ಚಚ್ಚಿಕೊಂಡರು. "ಎಂಥ ಪೆದ್ದನಯ್ಯಾ ನೀನು. ಅಧಿಕಾರಿ ಕೇಳಿದರೆ ಎಲ್ಲ ತೋರಿಸಬೇಕು, ಏನೂ ಮುಚ್ಚಿಡಬಾರದು."

"ಹಾಗೇ ಆಗಲಿ" ಅಂದ ಕುಪ್ಪಯ್ಯ.

ಮಾರನೆ ದಿನ ಅಧಿಕಾರಿ, "ಇವತ್ತಾದರೂ ತೋರಿಸ್ತೀಯಾ?" ಅಂದರು. ಕುಪ್ಪಯ್ಯ ಲಕೋಟೆ ಇಟ್ಟ. ಅವಲಕ್ಕಿ ಗಂಟು ಬಿಚ್ಚಿಟ್ಟ. ಟವೆಲು, ಬಾಚಣಿಗೆ, ಹಲ್ಲುಜ್ಜುವ ಕಡ್ಡಿ ಇಟ್ಟ. ಅಂಗಿ ಎತ್ತಿ, ಹೊಟ್ಟೆಯ ಮೇಲೆ ಆಪರೇಷನ್ನಿನ ಕಲೆ ತೋರಿಸಿದ.

"ಕಾರು ಸ್ವಂತಕ್ಕೋ ಮಾರೋದಕ್ಕೋ?"

"ಸ್ವಂತಕ್ಕೆ ಸಾರ್. ನಮ್ಮನೇಲಿ ಮಾರೋ ಮಾತು ಬಂದದ್ದು ಒಂದೇ ಸಲ. ಅಮ್ಮ ನನ್ನನ್ನು ಮಾರಿಬಿಡ್ತೀನಿ ಅಂದಳು. ಯಾರೂ ತಗೊಳ್ಳಲ್ಲ ಅಂತ ಅವಳೇ ಸುಮ್ಮನಾದಳು. ಅದಕ್ಕೂ ಮುಂಚೆ ಪಕ್ಕದ ಮನೆ ನುಗ್ಗೆಕಾಯಿ ನಾವೇ ಕಿತ್ತಿದ್ದು ಸಾರ್..."

ಹಿಂದೆ ಸಾಲು ಬಾಗಿಲ ತನಕ ಬೆಳೆಯಿತು. ಕುಪ್ಪಯ್ಯ ತನ್ನ ಐದನೇ ವಯಸ್ಸಿನ ತಪ್ಪುಗಳಿಗೆ ಬರುವಷ್ಟರಲ್ಲಿ ಕಚೇರಿ ಮುಚ್ಚಿತು.

"ಊರ ಪುರಾಣ ಯಾರಿಗೆ ಬೇಕಿತ್ತಯ್ಯಾ" ಅಂತ ಬೈದರು ಪಡಿಯಾರರು. "ನಾಳೆ ಏನು ಕೇಳಿದರೂ ಹೌದು, ಇಲ್ಲ. ಎರಡೇ ಮಾತು. ಮೂರನೇದು ಬಾಯಿಂದ ಬರಬಾರದು."

"ಹಾಗೇ ಆಗಲಿ" ಅಂದ ಕುಪ್ಪಯ್ಯ.

ಮೂರನೇ ದಿನ ಅಧಿಕಾರಿ ಕೇಳಿದರು, "ಸ್ಟೀರಿಂಗ್ ಎಡಕ್ಕಿದೆಯೋ ಬಲಕ್ಕಿದೆಯೋ?"

"ಹೌದು."

"ಏನು ಹೌದು? ಎಡಕ್ಕಾ?"

"ಇಲ್ಲ."

"ಯಾವ ವರ್ಷದ ಗಾಡಿ?"

"ಹೌದು."

ಅಧಿಕಾರಿ ಪೆನ್ನು ಕೆಳಗಿಟ್ಟರು. "ನಡಿ, ನಾನೇ ನೋಡ್ತೀನಿ" ಅಂತ ಎದ್ದರು. ಅಂಗಳದಲ್ಲಿ ಕಾರು ನಿಂತಿತ್ತು. ಅವರು ಸುತ್ತ ನೋಡಿದರು, ಕಾಗದ ತಾಳೆ ಹಾಕಿದರು, ಎಲ್ಲ ಸರಿಯಿತ್ತು. ಬಾಗಿಲು ತೆಗೆದು ಗುಂಡಿ ಒತ್ತಿದರೆ ಸೀಟು ಮೆಲ್ಲಗೆ ಹೊರಗೆ ತಿರುಗಿ ಕೆಳಗಿಳಿಯಿತು. ಅವರಿಗೆ ಆಶ್ಚರ್ಯವಾಯಿತು.

"ಇಂಥ ಸೀಟು ಯಾರಿಗಪ್ಪ?"

ಕುಪ್ಪಯ್ಯನಿಗೆ ಕಷ್ಟಕ್ಕೆ ಬಂತು. ಹೌದು ಅಂದರೂ ಸರಿಹೋಗುವುದಿಲ್ಲ, ಇಲ್ಲ ಅಂದರೂ ಸರಿಹೋಗುವುದಿಲ್ಲ. ಮೂರನೇ ಮಾತು ಆಡುವ ಹಾಗಿಲ್ಲ. ನಿಂತು ನಿಂತು ಅವನ ಕಣ್ಣಲ್ಲಿ ನೀರು ಬಂತು. ಆಮೇಲೆ ಒಂದು ಕೈಯನ್ನು ಮೊಣಕಾಲ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಗೋಡೆ ಹಿಡಿದ ಹಾಗೆ ಮಾಡಿ, ಕಾಲನ್ನು ಪಕ್ಕಕ್ಕೆ ಎಳೆಯುತ್ತಾ ನಾಲ್ಕು ಹೆಜ್ಜೆ ನಡೆದ. ನಾಲ್ಕನೇ ಹೆಜ್ಜೆಗೆ ಸೊಂಟ ಹಿಡಿದು ನಿಂತು ಉಸಿರು ಬಿಟ್ಟ. ಮನೆಯಲ್ಲಿ ದಿನಾ ನೋಡಿದ ನಡಿಗೆ ಅದು.

ಅಧಿಕಾರಿ ಕೇಳಿದರು, "ಅಮ್ಮನಿಗಾ?"

"ಹೌದು" ಅಂದ ಕುಪ್ಪಯ್ಯ.

ಅವರು ಕಾರಿನ ಮೇಲೇ ಕಾಗದ ಇಟ್ಟು ಸಹಿ ಹಾಕಿದರು.

ಪಡಿಯಾರರು ಕಾರನ್ನು ಒಂದು ಲಾರಿಗೆ ಹತ್ತಿಸಿದರು. ಹೋಗುವಾಗ ಕಿವಿಯ ಹತ್ತಿರ ಬಂದು ಹೇಳಿದರು. "ಇದಕ್ಕಿನ್ನೂ ನಮ್ಮ ನಂಬರು ಬಂದಿಲ್ಲ. ಬರೋ ತನಕ ಚಕ್ರ ರಸ್ತೆಗೆ ತಾಗಕೂಡದು. ಎಲ್ಲಿಗೆ ಹೋದರೂ ಲಾರಿ ಮೇಲೇ."

"ಹಾಗೇ ಆಗಲಿ" ಅಂದ ಕುಪ್ಪಯ್ಯ.

ಲಾರಿ ಓಡಿಸುವವನು ಹಮೀದ್. ಮಾರನೆ ಬೆಳಿಗ್ಗೆ ಮನೆಯ ಅಂಗಳಕ್ಕೆ ಬಂದು ಹಲಗೆ ಹಾಕಿ ಕಾರು ಇಳಿಸಿದ. ರುಕ್ಮಾಯಿ ಗೋಡೆ ಹಿಡಿದು ಹೊರಗೆ ಬಂದಳು. ಸೀಟು ತಿರುಗಿತು, ಇಳಿಯಿತು. ಅವಳು ಕೂತಳು. ಅದು ಅವಳನ್ನು ಎತ್ತಿ ಒಳಗಿಟ್ಟುಕೊಂಡಿತು. ರುಕ್ಮಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ನು ತಡೆಯೋಕಾಗಲ್ಲ ಮಗಾ. ಈಗಲೇ ನಡಿ, ಗುಲಾಬಿ ಮನೆಗೆ" ಅಂದಳು.

"ಹಾಗೇ ಆಗಲಿ" ಅಂತ ಕುಪ್ಪಯ್ಯ ಕಾರು ಶುರು ಮಾಡಿ, ಹಲಗೆ ಹತ್ತಿಸಿ, ಸೀದಾ ಲಾರಿ ಮೇಲೆ ನಿಲ್ಲಿಸಿದ.

"ಇದೆಲ್ಲಿಗೋ?" ಅಂದಳು ರುಕ್ಮಾಯಿ.

"ಚಿಕ್ಕಮ್ಮನ ಮನೆಗೆ. ಚಕ್ರ ರಸ್ತೆಗೆ ತಾಗಬಾರದಂತೆ."

ಹಮೀದ್ ನಕ್ಕ. "ನಾನು ವಾಪಸು ಹೋಗೋ ದಾರಿಯೇ ಅಮ್ಮ, ಕೂತಿರಿ" ಅಂತ ಕಾರಿಗೆ ಹಗ್ಗ ಬಿಗಿದು ಹೊರಟ. ರುಕ್ಮಾಯಿ ಮಗನನ್ನು ಬೈದಳು, ಆಮೇಲೆ ಕಿಟಕಿಯಿಂದ ಕಡಲು ಕಂಡಿತು, ಬೈಯುವುದು ಬಿಟ್ಟಳು.

ಕುಪ್ಪಯ್ಯ ಸ್ಟೀರಿಂಗ್ ಹಿಡಿದೇ ಇದ್ದ. ಲಾರಿ ತಿರುಗಿದ ಕಡೆಗೆ ತಿರುಗಿಸುತ್ತಿದ್ದ. ನಡುವೆ ತಾಯಿಯ ಕಡೆ ತಿರುಗಿ ಬಂದರಿನ ಕತೆ ಶುರು ಮಾಡಿದ. ಮಗನಿಗೆ ಬುದ್ಧಿ ಹೇಳುವುದು ರುಕ್ಮಾಯಿಗೆ ಅಭ್ಯಾಸಬಲ. "ಸ್ಟೀರಿಂಗ್ ಹಿಡಿದವನು ಮಾತಾಡಬಾರದು. ಮುಂದೆ ನೋಡು. ಆಡೋದಿದ್ದರೆ ಗಾಡಿ ನಿಲ್ಲಿಸಿ ಆಡು" ಅಂದುಬಿಟ್ಟಳು. ಕುಪ್ಪಯ್ಯ ಬಾಯಿ ಮುಚ್ಚಿ ಮುಂದೆ ನೋಡಿದ.

ಗುಲಾಬಿಯ ಮನೆ ಮುಂದೆ ಅಂಗಳವಿರಲಿಲ್ಲ, ಬಾಗಿಲೇ ರಸ್ತೆಗೆ. ಇಳಿಸುವ ಹಾಗಿಲ್ಲ. ಹಮೀದ್ ಲಾರಿಯನ್ನು ಮರದಡಿ ನಿಲ್ಲಿಸಿ, ಏಣಿ ಆನಿಸಿಟ್ಟು ಚಹಾ ಕುಡಿಯಲು ಹೋದ. ಗುಲಾಬಿ ಹೊರಗೆ ಬಂದು ಮೇಲೆ ನೋಡಿದಳು. ಏಣಿ ಹತ್ತಿ, ಕಿಟಕಿಯಿಂದ ಕೈ ಹಾಕಿ ಅಕ್ಕನ ಕೆನ್ನೆ ಮುಟ್ಟಿದಳು. ಆಮೇಲೆ ಹಿಂದಿನ ಸೀಟಿನಲ್ಲಿ ಕೂತಳು. ಅಕ್ಕತಂಗಿಯರು ಮೂರು ವರ್ಷದ ಮಾತು ಆಡಿದರು. ಮಧ್ಯಾಹ್ನವಾಯಿತು.

"ಕುಪ್ಪಯ್ಯಾ, ಊಟ ಇಲ್ಲಿಗೇ ತರಲೇನೋ?" ಅಂತ ಕೇಳಿದಳು ಗುಲಾಬಿ.

ಅವನು ಮಾತಾಡಲಿಲ್ಲ. ಮುಂದೆ ನೋಡುತ್ತಿದ್ದ.

"ಯಾಕಕ್ಕ, ನನ್ನ ಮೇಲೆ ಸಿಟ್ಟೇ ಇವನಿಗೆ?"

ಕುಪ್ಪಯ್ಯ ಎಡಕ್ಕೆ ಇಂಡಿಕೇಟರ್ ಹಾಕಿದ. ಕನ್ನಡಿಯಲ್ಲಿ ಹಿಂದೆ ನೋಡಿದ. ಸ್ಟೀರಿಂಗ್ ಮೆಲ್ಲಗೆ ಎಡಕ್ಕೆ ತಿರುಗಿಸಿ, ಬ್ರೇಕು ಒತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ಆಮೇಲೆ ತಿರುಗಿ, "ತನ್ನಿ ಚಿಕ್ಕಮ್ಮ, ಬಹಳ ಹಸಿವಾಗಿದೆ" ಅಂದ.